ಕೊನೆಗೆ ಸಮಾಧಾನ ಸಿಗುತ್ತದೆ

ನಾಶಿಕದಲ್ಲಿ ಸಿನಿಮಾ ವಿಮರ್ಶಕರಿಗೆಂದು ಮುಂಚಿತವಾಗಿ ಪ್ರದರ್ಶನ ಇಡುವ ಪದ್ಧತಿ ಇರಲಿಲ್ಲ. ಅದೆಲ್ಲ ಮುಂಬಯಿಯವರ ಸುಖ. ನಮ್ಮಲ್ಲಿ ಗುರುವಾರ ನಸುಕಿಗೆ ಪ್ರಿಂಟಿನ ಡಬ್ಬಿಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು. ರೀಲು ಎಲ್ಲಾದರೂ ಗೀಚಿದೆಯೋ, ಹರಿದಿದೆಯೋ ಎಂದು ಟಾಕೀಜಿನವರು ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಹಾಲಿನಲ್ಲಿ ಒಮ್ಮೆ ಓಡಿಸಿ ನೋಡುತ್ತಿದ್ದರು. ಆಗಲೇ ಹೋಗಿ ನಾನೂ ಕೂರಬೇಕು, ಊಟದ ಹೊತ್ತಿಗೆ ಬರೆದು ಕೊಡಬೇಕು, ನಾಲ್ಕಕ್ಕೆ ಪುಟ ಮುಗಿಯಬೇಕು. ಒಂದು ಮರಾಠಿ ದಿನಪತ್ರಿಕೆಯ ಶುಕ್ರವಾರದ ಪುರವಣಿಯಲ್ಲಿ ಮೂರು ವರ್ಷದಿಂದ ಇದೇ ನನ್ನ ಕೆಲಸ. ಕನ್ನಡದವಳು ಮರಾಠಿಯಲ್ಲಿ ಬರೆಯುವುದೇ ಎಂದು ಹುಬ್ಬೇರಿಸಿದವರಿಗೆ ನಾನು ಭಾಲ್ಕಿಯವಳು ಎಂದಷ್ಟೇ ಹೇಳುತ್ತಿದ್ದೆ. ಬೀದರ ಜಿಲ್ಲೆಯ ನಮ್ಮ ಓಣಿಯಲ್ಲಿ ಅರ್ಧ ಮನೆ ಮರಾಠಿ, ಅರ್ಧ ಮನೆ ಕನ್ನಡ. ನನ್ನ ಮರಾಠಿಯ ಬಗ್ಗೆ ನನಗೆ ಸೊಕ್ಕಿತ್ತು. ಸೊಕ್ಕು ಎಂದೇ ಹೇಳಬೇಕು, ಅದಕ್ಕಿಂತ ಮೆತ್ತಗಿನ ಶಬ್ದ ಇಲ್ಲಿ ಒಪ್ಪುವುದಿಲ್ಲ.

ಆ ವಾರದ ಚಿತ್ರ ಹಾಲಿವುಡ್ಡಿನ ಒಂದು ಪ್ರೇಮ ಹಾಸ್ಯ, ಹಿಂದಿಗೆ ಡಬ್ ಆದದ್ದು. ನಾಯಕ, ನಾಯಕಿ ಇಬ್ಬರೂ ಮನೆಮನೆಗೆ ಗೊತ್ತಿರುವ ತಾರೆಗಳು. ಮುಂಬಯಿಯಲ್ಲಿ ಹಿಂದಿನ ಶುಕ್ರವಾರವೇ ಬಂದಿತ್ತು, ಹೊರದೇಶಗಳಲ್ಲಿ ಅದಕ್ಕೂ ಮೊದಲು. ನಮ್ಮ ಪುರವಣಿಯಲ್ಲಿ ವಿಮರ್ಶೆಯ ಪಕ್ಕ ‘ಉಳಿದವರು ಏನನ್ನುತ್ತಾರೆ’ ಎಂಬ ಸಣ್ಣ ಚೌಕವಿತ್ತು. ಬೇರೆ ಪತ್ರಿಕೆಗಳ ಅಭಿಪ್ರಾಯದ ಸಾರ ಅದರಲ್ಲಿ ಹಾಕುತ್ತಿದ್ದೆ. ಬುಧವಾರ ಕಚೇರಿಯ ಒಂದೇ ಒಂದು ಇಂಟರ್ನೆಟ್ ಕಂಪ್ಯೂಟರಿಗೆ ಕಾದು ಕೂತು ಎಲ್ಲವನ್ನೂ ಓದಿದೆ. ಒಬ್ಬನಾದರೂ ಮೆಚ್ಚಿರಲಿಲ್ಲ. ಕಥೆ ಹಳಸಲು ಅಂದವರು ಕೆಲವರು, ನಾಯಕನಿಗೆ ವಯಸ್ಸಾಯಿತು ಅಂದವರು ಕೆಲವರು. ಇಬ್ಬರು ದೊಡ್ಡವರನ್ನು ಕೂಡಿಸಿ ಇಷ್ಟು ಸಪ್ಪೆ ಮಾಡುವುದೂ ಒಂದು ಕಲೆಯೇ ಎಂಬ ಧಾಟಿಯಲ್ಲಿ ಕುಟುಕಿದವರು ಉಳಿದವರು. ಅಷ್ಟೊಂದು ಜನ ಸೇರಿ ಹೊಡೆದದ್ದನ್ನು ನೋಡಿ ನನಗೆ ಚಿತ್ರದ ಮೇಲೆ ಸ್ವಲ್ಪ ಕನಿಕರ ಬಂದಿತ್ತು. ಗುರುವಾರ ಬೆಳಿಗ್ಗೆ ಅದೂ ಹೋಯಿತು.

ಮನೆ ದಲ್ಲಾಳಿಯ ಎಡವಟ್ಟಿನಿಂದ ಒಂದೇ ಮನೆ ಇಬ್ಬರಿಗೆ ಬಾಡಿಗೆಗೆ ಹೋಗಿರುತ್ತದೆ. ಅವಳು ಅಡುಗೆಮನೆ ಬಿಡಳು, ಅವನು ಮಹಡಿ ಬಿಡನು. ಜಗಳ, ಮಳೆ, ನಾಯಿಮರಿ, ವಿಮಾನ ನಿಲ್ದಾಣ. ಎರಡನೆಯ ರೀಲಿಗೇ ಕೊನೆಯ ರೀಲು ಗೊತ್ತಾಗಿತ್ತು. ಇಬ್ಬರೂ ಬೇರೆ ಬೇರೆ ಬಸ್ಸಿಗೆ ಕಾಯುವವರ ಹಾಗೆ ಪಕ್ಕಪಕ್ಕ ನಿಂತಿದ್ದರು. ಡಬ್ಬಿಂಗ್ ಮಾಡಿದವರು ಅಮೆರಿಕದ ನಾಯಕನ ಬಾಯಿಂದ ಹಿಂದಿ ಶಾಯರಿ ಬೇರೆ ಹೇಳಿಸಿದ್ದರು. ನಾನು ಕತ್ತಲಲ್ಲಿ ಗಡಿಯಾರವನ್ನು ಕಣ್ಣ ಹತ್ತಿರ ಹಿಡಿದು ಹಿಡಿದು ನೋಡಿದೆ.

ನನ್ನ ಹಿಂದಿನ ಸಾಲಿನಲ್ಲಿ ಟಾಕೀಜಿನ ಮ್ಯಾನೇಜರು ಕೂತಿದ್ದರು. ಕಲಬುರಗಿ ಕಡೆಯವರು, ಐವತ್ತೈದು ದಾಟಿದ ಮನುಷ್ಯ, ಹಣೆಯ ಮೇಲೆ ದಿನವೂ ತಪ್ಪದ ವಿಭೂತಿ. ಇಪ್ಪತ್ತೆಂಟು ವರ್ಷದಿಂದ ಅದೇ ಟಾಕೀಜು. ನಾನು ಕನ್ನಡದವಳೆಂದು ತಿಳಿದ ದಿನದಿಂದ ನನ್ನನ್ನು ತಂಗೆಮ್ಮ ಎಂದೇ ಕರೆಯುತ್ತಿದ್ದರು. ಚಿತ್ರ ಮುಗಿದು ದೀಪ ಹತ್ತಿದ ಮೇಲೂ ಅವರು ಏಳಲಿಲ್ಲ.

“ಹೆಂಗನಸ್ತು ತಂಗೆಮ್ಮ?”

“ನೀವೇ ನೋಡಿದ್ರಲ್ಲ ಅಣ್ಣಾರ.”

“ನೋಡ್ದೆ.” ಮುಂದಿನ ಸೀಟಿನ ಬೆನ್ನಿಗೆ ಮೊಳಕೈ ಊರಿದರು. “ಇದನ್ನ ಆರಿಸ್ದಾವ ನಾನೇ ರೀ. ಹೊಸಾ ಹಿಂದಿ ಪಿಕ್ಚರ್ ಎಲ್ಲಾ ಮಲ್ಟಿಪ್ಲೆಕ್ಸಿನವರು ಒಯ್ತಾರ. ನಮಗ ಉಳದಿದ್ದು ಬಳದಿದ್ದು. ನಮ್ಮ ಮಾಲಕ ಸೇಠಜೀಗೆ ನಾನೇ ಹೇಳ್ದೆ, ಇಂಗ್ಲಿಷ್ ತರ್ಸೋಣು, ಇಬ್ಬರೂ ದೊಡ್ಡ ಸ್ಟಾರ್ ಅದಾರ, ಕಾಲೇಜ್ ಹುಡುಗ್ರು ಬರ್ತಾರ ಅಂತ. ಅವರೇನಂದಾರ ಗೊತ್ತದೇನು? ಎರಡನೇ ವಾರಕ್ಕ ಹೋದ್ರ ಟಾಕೀಜು ಇಡ್ತೀನಿ, ಇಲ್ಲಂದ್ರ ಮಂಗಲ ಕಾರ್ಯಾಲಯ ಮಾಡ್ತೀನಿ ಅಂದಾರ. ಲಗ್ನಾ ಮಾಡ್ಲಿಕ್ಕ ಮ್ಯಾನೇಜರ್ ಬೇಕಾಗಂಗಿಲ್ಲ.”

ನನಗೆ ಮುಂದಿನ ಮಾತು ಗೊತ್ತಾಗಿ ಹೋಯಿತು. ಚೀಲ ಹೆಗಲಿಗೆ ಹಾಕಿಕೊಂಡೆ.

“ಎಲ್ಲಾ ಛಲೋ ಬರೀರಿ ಅನ್ನಂಗಿಲ್ಲ. ಒಂದ್ ಮಾತು. ಬೋರ್ಡಿಗೆ ಹಾಕ್ಲಿಕ್ಕ ಒಂದೇ ಒಂದ್ ಮಾತು ಇರ್ಲಿ.”

“ಆಗಂಗಿಲ್ಲರಿ ಅಣ್ಣಾರ. ನನ್ನ ಕೆಲಸ ಅದಲ್ಲ.”

ಎಷ್ಟು ಚುರುಕಾಗಿ ಹೇಳಿದೆ! ಇಂದು ನೆನೆದರೆ ನಾಚಿಕೆಯಾಗುತ್ತದೆ. ಉತ್ತರ ಬೇರೆಯಾಗಬೇಕಿತ್ತು ಅಂತಲ್ಲ, ಹೇಳಿದ ರೀತಿಗೆ. ಅವರು ಹೂಂ ಅಂದರು, ಗೇಟಿನವರೆಗೂ ಬಂದು ರಿಕ್ಷಾ ಹತ್ತಿಸಿದರು.

ಬರೆಯಲು ಒಂದು ಗಂಟೆ ಸಾಕಾಯಿತು. ಕೆಟ್ಟ ಚಿತ್ರದ ಬಗ್ಗೆ ಬರೆಯುವಾಗ ಕೈಗೆ ಒಂದು ದುಷ್ಟ ಹುರುಪು ಬರುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಏಳು ಪ್ಯಾರಾ ಬರೆದೆ. ಮಧ್ಯದ ಎರಡರಲ್ಲಿ ಮಸಾಲೆ ಅರೆದಿದ್ದೆ. ಕೊನೆಗೆ ಒಂದು ಸಾಲಿನ ಚಿವುಟು ಇರಲಿ ಎಂದು ಹೀಗೆ ಮುಗಿಸಿದೆ: ‘ಶೇವಟಿ ಮಾತ್ರ ಪ್ರೇಕ್ಷಕಾಲಾ ಪೂರ್ಣ ಸಮಾಧಾನ ಮಿಳತಂ.’ ಕೊನೆಗೆ ಮಾತ್ರ ಪ್ರೇಕ್ಷಕನಿಗೆ ಪೂರ್ತಿ ಸಮಾಧಾನ ಸಿಗುತ್ತದೆ. ಅಂದರೆ, ಅಬ್ಬಾ, ಮುಗಿಯಿತಲ್ಲ ಎಂಬ ಸಮಾಧಾನ. ಬರೆದು ನಾನೇ ನಕ್ಕೆ, ಕಂಪೋಸಿಂಗಿಗೆ ಕೊಟ್ಟು ಡಬ್ಬಿ ಬಿಚ್ಚಿ ಊಟಕ್ಕೆ ಕೂತೆ.

ಊಟ ಮುಗಿಯುವ ಮೊದಲೇ ಜಾಹೀರಾತು ವಿಭಾಗದಿಂದ ಒಂದು ಮೋಟರ್‌ಸೈಕಲ್ ಅಂಗಡಿಯ ಜಾಹೀರಾತು ಬಂತು. ಪುಟದಲ್ಲಿ ಜಾಗ ಬಿಡಿಸಬೇಕು. ಸಾಮಾನ್ಯವಾಗಿ ಪುಟ ಕಟ್ಟುವವರು ಕೆಳಗಿನಿಂದ ಕತ್ತರಿಸುತ್ತಾರೆ. ನಮ್ಮ ಪುಟವಿನ್ಯಾಸದ ಸಹೋದ್ಯೋಗಿ ಸ್ವಲ್ಪ ಸಾಹಿತ್ಯ ಓದಿದ ಮನುಷ್ಯ. ಬರಹಕ್ಕೆ ಮುಕ್ತಾಯ ಇರಬೇಕು ಎಂದು ಕೊನೆಯ ಸಾಲು ಉಳಿಸಿ ಮಧ್ಯದ ಎರಡು ಪ್ಯಾರಾ ತೆಗೆದರು. ‘ಉಳಿದವರು ಏನನ್ನುತ್ತಾರೆ’ ಚೌಕವನ್ನೂ ಎತ್ತಿಬಿಟ್ಟರು. ನನ್ನನ್ನು ಕೇಳಿಯೇ ತೆಗೆದರು. ಆಯಿತು ತೆಗೀರಿ ಅಂದೆ, ಡಬ್ಬಿಯಿಂದ ತಲೆಯೂ ಎತ್ತದೆ.

ಶುಕ್ರವಾರ ಕಚೇರಿಗೆ ಬಂದಾಗ ಅದೇ ಸಹೋದ್ಯೋಗಿ ಕಣ್ಣು ಮಿಟುಕಿಸಿದರು. “ಮೊದಲು ಹೊಡೆದಿರಿ, ಆಮೇಲೆ ತಲೆ ಸವರಿದಿರಿ. ಪಾಪ, ಟಾಕೀಜಿನವರು ಬದುಕಿಕೊಂಡರು.”

“ತಲೆ ಎಲ್ಲಿ ಸವರಿದೆ?”

“ಕೊನೆಗೆ ಪೂರ್ಣ ಸಮಾಧಾನ ಸಿಗುತ್ತದೆ ಅಂದಿರಲ್ಲ. ಹೊಟ್ಟೆ ತುಂಬ ಉಂಡ ಹಾಗೆ.”

ಪುಟ ತೆಗೆದು ಓದಿದೆ. ಮಸಾಲೆ ಹೋದ ಮೇಲೆ ಉಳಿದದ್ದು ಇಷ್ಟು: ಕಥೆ ಹೊಸದಲ್ಲ, ತಾರೆಗಳು ದೊಡ್ಡವರು, ಮೊದಲರ್ಧ ನಿಧಾನ, ಕೊನೆಗೆ ಮಾತ್ರ ಪೂರ್ಣ ಸಮಾಧಾನ. ಮರಾಠಿಯಲ್ಲಿ ಸಮಾಧಾನ ಅಂದರೆ ಮೊದಲು ತೃಪ್ತಿ. ಹಿಂದೆ ಮುಂದೆ ತಕ್ಕ ಮಾತಿದ್ದರೆ ನಮ್ಮ ಅರ್ಥವೂ ಬರುತ್ತದೆ, ಆದರೆ ಹೀಗೆ ಒಂಟಿಯಾಗಿ ನಿಲ್ಲಿಸಿದರೆ ತೃಪ್ತಿಯೇ. ಅಳುವ ಕೂಸಿಗೆ ಮಾಡುವ ಸಮಾಧಾನ, ಸಾವಿನ ಮನೆಗೆ ಹೋಗಿ ಹೇಳುವ ಸಮಾಧಾನ, ಕಷ್ಟ ಕಳೆದಾಗ ಉಸಿರು ಬಿಡುವ ಸಮಾಧಾನ, ಅದು ನಮ್ಮದು, ಕನ್ನಡದ್ದು. ನಾನು ನೆನೆದ ಅರ್ಥ ಬಿಡಿಸಿ ಹೇಳಿದೆ. “ಹಾಗೆ ಹೇಳಬೇಕಿದ್ದರೆ ಸುಟಕಾ ಅನ್ನಬೇಕಿತ್ತು” ಎಂದರು ಸಹೋದ್ಯೋಗಿ. ಸುಟಕಾ, ಬಿಡುಗಡೆ. ಹೌದಲ್ಲ! ಭಾಲ್ಕಿಯಲ್ಲಿ ದಿನಾ ಕೇಳಿದ ಶಬ್ದ. ಬರೆಯುವ ಹೊತ್ತಿಗೆ ನನ್ನೊಳಗಿನ ಕನ್ನಡ ಮರಾಠಿಯ ವೇಷ ಹಾಕಿಕೊಂಡು ಹೊರಗೆ ಬಂದಿತ್ತು, ನಾನು ಗುರುತು ಹಿಡಿದಿರಲಿಲ್ಲ.

ಸಂಜೆ ಮನೆಗೆ ಹೋಗುವಾಗ ಟಾಕೀಜಿನ ಮುಂದೆ ರಿಕ್ಷಾ ನಿಧಾನವಾಯಿತು. ಎರಡು ಆಳೆತ್ತರದ ಬೋರ್ಡಿನ ಮೇಲೆ, ತಾರೆಗಳಿಬ್ಬರ ಮುಖದ ಕೆಳಗೆ, ಕೆಂಪು ಬಣ್ಣದಲ್ಲಿ ನನ್ನ ಸಾಲು. ಕೆಳಗೆ ನಮ್ಮ ಪತ್ರಿಕೆಯ ಹೆಸರು. ‘ಮಾತ್ರ’ ಎಂಬ ಶಬ್ದವನ್ನು ಕೈಬಿಟ್ಟಿದ್ದರು. ಮ್ಯಾನೇಜರು ಟಿಕೆಟ್ ಕಿಟಕಿಯ ಪಕ್ಕ ನಿಂತಿದ್ದರು, ನನ್ನನ್ನು ಕಂಡು ದೂರದಿಂದಲೇ ಕೈಮುಗಿದರು. ನಾನು ಇಳಿಯಬೇಕಿತ್ತು. ಇಳಿಯಲಿಲ್ಲ.

ಮನೆಯಲ್ಲಿ ಹೇಳಿದರೆ ನಮ್ಮವರು ಚಹದ ಕಪ್ಪು ಕೆಳಗಿಟ್ಟು ನಕ್ಕರು. ಅವರು ಬ್ಯಾಂಕಿನವರು; ಅದೇ ವಾರ ಔರಂಗಾಬಾದಿಗೆ ವರ್ಗದ ಆದೇಶ ಬಂದು ಮನೆಯಲ್ಲಿ ಆಗಲೇ ಪೆಟ್ಟಿಗೆಗಳು ಇಳಿದಿದ್ದವು. “ಮರಾಠಿ ಮರಾಠಿ ಅಂತ ನನ್ನ ಮ್ಯಾಲೆ ಜೋರ್ ಮಾಡ್ತಿದ್ದಿ. ಇನ್ನ ಮುಂದ ನಾನೂ ಎರಡ್ ಮಾತು ಅನ್ನಬಹುದಲ್ಲ?” ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವರು ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಶನಿವಾರ, ಭಾನುವಾರ ಟಾಕೀಜು ತುಂಬಿತಂತೆ. ಸಾತಪುರದ ಕಾರ್ಖಾನೆಗಳ ಶಿಫ್ಟ್ ಮುಗಿಸಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದವರು, ಕಾಲೇಜಿನವರು, ಇಂಗ್ಲಿಷ್ ಪಿಕ್ಚರು ಹಿಂದಿಯಲ್ಲಿ ಎಂದು ಆಸೆಪಟ್ಟು ಬಂದವರು. ಸೋಮವಾರ ಬೆಳಿಗ್ಗೆ ಫೋನು ಶುರುವಾಯಿತು. ನಿಮ್ಮ ವಿಮರ್ಶಕರು ಸಿನಿಮಾ ನೋಡುತ್ತಾರೋ, ಮನೆಯಲ್ಲೇ ಕೂತು ಬರೆಯುತ್ತಾರೋ? ಟಾಕೀಜಿನವರು ಏನು ಕೊಟ್ಟರು? ಮಧ್ಯಾಹ್ನ ಒಂದು ಪತ್ರವೂ ಬಂತು, ಸಾತಪುರದ ಒಬ್ಬ ಕಾರ್ಮಿಕ ಕಚೇರಿಗೇ ಬಂದು ಬಾಗಿಲಲ್ಲಿ ಕೊಟ್ಟು ಹೋದದ್ದು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯನ್ನು ಇಂಗ್ಲಿಷ್ ಚಿತ್ರಕ್ಕೆ ಕರೆದುಕೊಂಡು ಹೋಗಿದ್ದನಂತೆ. ಬೇಸರ ಬಂದು ಅವಳು ಏಳೋಣ ಅಂದಾಗ, ಪೇಪರಿನಲ್ಲಿ ಬರೆದಿದ್ದಾರೆ, ಕೊನೆಯಲ್ಲಿ ಚೆನ್ನಾಗಿದೆಯಂತೆ ಎಂದು ಕೂರಿಸಿದನಂತೆ. ಪರದೆ ಇಳಿದ ಮೇಲೆ ಅವಳು ಕೇಳಿದಳಂತೆ, ಸಮಾಧಾನ ಬಂದು ಹೋಯಿತೇನು, ನನಗೆ ತಿಳಿಯಲೇ ಇಲ್ಲ ಎಂದು. ಪತ್ರದಲ್ಲಿ ಬೈಗುಳ ಒಂದೂ ಇರಲಿಲ್ಲ.

ಸಂಪಾದಕರು ಕರೆದರು. ಸೌಮ್ಯ ಸ್ವಭಾವದವರು, ಸೌಮ್ಯವಾಗಿಯೇ ಕುತ್ತಿಗೆಗೆ ತರುವವರು. “ಬುಧವಾರ ಖುಲಾಸಾ ಹಾಕೋಣ” ಎಂದರು. ಕನ್ನಡದಲ್ಲಿ ಖುಲಾಸೆ ಅಂದರೆ ಕೋರ್ಟಿನಿಂದ ಪಾರಾಗುವುದು. ಮರಾಠಿಯ ಖುಲಾಸಾ ಅಂದರೆ ವಿವರಣೆ ಕೊಟ್ಟು ಕಟಕಟೆ ಹತ್ತುವುದು. ಈ ಸಲ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು.

“ಟಾಕೀಜಿನವರು ನಮ್ಮ ವಾಕ್ಯವನ್ನು ತಿರುಚಿ ಬೋರ್ಡಿಗೆ ಹಾಕಿದ್ದಾರೆ, ನಮ್ಮ ಅಭಿಪ್ರಾಯ ಅದಲ್ಲ, ಅಂತ ನಾಲ್ಕು ಸಾಲು ಬರೆಯಿರಿ. ‘ಮಾತ್ರ’ ತೆಗೆದಿದ್ದಾರಲ್ಲ, ಅಷ್ಟು ಸಾಕು.”

“ಅವರು ತಿರುಚಲಿಲ್ಲ ಸರ್. ವಾಕ್ಯವೇ ಹಾಗಿದೆ. ತಪ್ಪು ನನ್ನದು.”

“ಅದು ನಿಮಗೂ ನನಗೂ ಗೊತ್ತು. ಪತ್ರಿಕೆಗೆ ಮರಾಠಿ ಬರುವುದಿಲ್ಲ ಅಂತ ನಾವೇ ಅಚ್ಚು ಹಾಕಬೇಕೇ?”

ಮಂಗಳವಾರ ಸಂಜೆಯವರೆಗೆ ನನಗೆ ಸಮಯವಿತ್ತು. ಎರಡು ಕರಡು ಬರೆದೆ. ಒಂದರಲ್ಲಿ ಅವರು ಮೋಸಗಾರರು, ಇನ್ನೊಂದರಲ್ಲಿ ನಾನು ದಡ್ಡಿ. ಯಾವುದು ಅಚ್ಚಾದರೂ ಚಿತ್ರ ಸಾಯುವುದು ಒಂದೇ. ಏನನ್ನೂ ಹಾಕದೆ ಬಿಟ್ಟರೆ ಗುರುವಾರದವರೆಗೆ ಇನ್ನಷ್ಟು ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಬೆಪ್ಪಾಗುತ್ತಾರೆ. ಅವರೇನು ಪಾಪ ಮಾಡಿದ್ದರು? ಟಾಕೀಜಿಗೆ ಹೋಗಿ ಮ್ಯಾನೇಜರನ್ನಾದರೂ ನೋಡೋಣ ಎಂದು ಮಧ್ಯಾಹ್ನ ಹೊರಟೆ. ಮ್ಯಾಟಿನಿಗೆ ಮೂರು ಸಾಲು ತುಂಬಿದ್ದವು. ಮ್ಯಾನೇಜರು ಬಾಲ್ಕನಿಯ ಮೆಟ್ಟಿಲ ಮೇಲೆ ನಿಂತು ತಲೆಗಳನ್ನು ಎಣಿಸುತ್ತಿದ್ದರು.

“ಸೇಠಜೀ ಮುಂಜಾನೆ ಫೋನ್ ಮಾಡಿದ್ರು. ಶನಿವಾರ ಆಯ್ತವಾರ ಛಲೋ ಆಯ್ತು ಅಂದಾರ. ಗುರುವಾರದ ತನಕ ಹಿಂಗೇ ನಡದ್ರ ಮುಂದಿನ ವಾರಾನೂ ಇಡ್ರಿ ಅಂದಾರ. ನಿಮ್ಮ ಪುಣ್ಯಾ ತಂಗೆಮ್ಮ.”

ನಾಳೆ ಖುಲಾಸಾ ಬರುತ್ತದೆಂದು ಹೇಳಲು ಬಂದವಳು ಹೇಳಲಿಲ್ಲ. ಚಹ ತರಿಸಿದರು, ಕುಡಿದೆ. ನನ್ನ ಮಕ್ಕಳು ಎಷ್ಟನೆಯ ಇಯತ್ತೆ ಎಂದು ಕೇಳಿದರು, ಹೇಳಿದೆ. ಅವರ ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ಬರುವುದಿಲ್ಲ ಎಂದು ಅವರು ಬೇಸರಪಟ್ಟರು, ನಾನೂ ಪಟ್ಟೆ. ಎದ್ದು ಬಂದೆ. ಕಚೇರಿಗೆ ಬಂದು ಎರಡನೆಯ ಕರಡನ್ನೇ ಕೊಟ್ಟೆ: ಕನ್ನಡ ಮಾತೃಭಾಷೆಯ ವಿಮರ್ಶಕಿ ಬಿಡುಗಡೆಯ ಅರ್ಥದಲ್ಲಿ ಆ ಶಬ್ದ ಬಳಸಿದ್ದಾರೆ, ಚಿತ್ರ ಅವರಿಗೆ ಹಿಡಿಸಿಲ್ಲ, ಚಿತ್ರಮಂದಿರದವರ ತಪ್ಪೇನೂ ಇಲ್ಲ, ಓದುಗರ ಕ್ಷಮೆ ಕೇಳುತ್ತೇವೆ. ಅವರ ಟಾಕೀಜು ಉಳಿಸಲು ನನ್ನಿಂದಾಗದು, ಹೆಸರಾದರೂ ಉಳಿಯಲಿ ಅಂದುಕೊಂಡೆ.

ಸಂಪಾದಕರು ಓದಿ ಕನ್ನಡಕ ತೆಗೆದರು. “ಇದಾದ ಮೇಲೆ ವಿಮರ್ಶೆ ನಿಮ್ಮಿಂದ ಬರೆಸುವುದು ಕಷ್ಟ.”

“ಗೊತ್ತು ಸರ್.”

“ಹೇಗೂ ಮುಂದಿನ ತಿಂಗಳು ಹೊರಟವರು ನೀವು. ಅಷ್ಟೇನೂ ನಷ್ಟವಿಲ್ಲ ಬಿಡಿ.”

ಅದು ನಿಜ. ನಾನು ಬಿಟ್ಟುಕೊಟ್ಟದ್ದು ದೊಡ್ಡದು ಎಂದು ಒಂದು ಕ್ಷಣವಾದರೂ ಅನ್ನಿಸಿದ್ದು ಆ ಮಾತಿಗೆ ಇಳಿದುಹೋಯಿತು.

ಬುಧವಾರ ಖುಲಾಸಾ ಅಚ್ಚಾಯಿತು. ಗುರುವಾರ ಮ್ಯಾಟಿನಿಗೆ ಒಬ್ಬರೂ ಬರಲಿಲ್ಲ ಎಂದು ನನಗೆ ಗೊತ್ತಾದದ್ದು ಟಾಕೀಜಿನ ಅಂಗಳದಲ್ಲೇ. ಮೂರೂವರೆಗೆ ಹೋದೆ. ಪ್ರೊಜೆಕ್ಟರ್ ಆಪರೇಟರ್ ರೀಲುಗಳನ್ನು ಹಿಂದಕ್ಕೆ ಸುತ್ತಿ ಡಬ್ಬಿಗೆ ಹಾಕುತ್ತಿದ್ದ. ಸಂಜೆಯ ಎಸ್ಟಿ ಬಸ್ಸಿಗೆ ಅವು ವೈಜಾಪುರದ ಮೇಲೆ ಔರಂಗಾಬಾದಿಗೆ ಹೋಗಬೇಕಿತ್ತು, ಅಲ್ಲಿಯ ಟಾಕೀಜಿಗೆ. ಮ್ಯಾನೇಜರು ತಮ್ಮ ಕೋಣೆಯಲ್ಲಿ ಕೂತಿದ್ದರು. ಮೇಜಿನ ಮೇಲೆ ಬುಧವಾರದ ನಮ್ಮ ಪತ್ರಿಕೆ.

“ಅಣ್ಣಾರ, ನಿಮ್ಮ ಮ್ಯಾಲೆ ಏನೂ ಬರದಂಗ ಬರದೀನಿ” ಅಂದೆ. ನಿಂತೇ ಅಂದೆ. “ತಪ್ಪು ನಂದು. ನಾ ಹೇಳಿದ್ದು ಬ್ಯಾರೆ, ಮರಾಠಿಯೊಳಗ ಆಗಿದ್ದು ಬ್ಯಾರೆ. ನಿಮಗ ಅದು ಗೊತ್ತಿಲ್ಲದ ಬೋರ್ಡಿಗೆ ಹಾಕಿದ್ರಿ.”

“ಕೂಡ್ರಿ ತಂಗೆಮ್ಮ.”

ಕೂತೆ.

“ನಾನೂ ನಿಮ್ಮ ಕಡೀಯಾವನೇ ಅಲ್ರಿ? ಶುಕ್ರವಾರ ಮುಂಜಾನೆ ಓದಿದ ಕೂಡ್ಲೇ ನನಗ ತಿಳೀತು, ನೀವು ಯಾವ ಸಮಾಧಾನ ಬರದೀರಿ ಅಂತ. ನಗು ಬಂತು ನನಗ. ಖರೇನೇ ನಕ್ಕೆ.” ಅವರು ಈಗಲೂ ಸ್ವಲ್ಪ ನಕ್ಕರು. “ಆಮ್ಯಾಲೆ ನಮ್ಮ ಗೇಟ್‌ಕೀಪರ್ಗೆ ಓದಿ ತೋರ್ಸಿದೆ. ಅವ ಇಲ್ಲೀಯವ, ಮರಾಠಾ. ವಾ, ಛಾನ್ ಲಿಹಿಲಂಯ್ ಅಂದ. ಛಂದ ಬರದಾರ ಅಂದ. ಅವಾಗ ಪೇಂಟರ್‌ಗೆ ಕರ್ಸಿದೆ.”

ಮೈ ಉರಿಯಿತು. ನಾಲ್ಕು ದಿನ ನಿದ್ದೆಗೆಟ್ಟವಳು ನಾನು. ಮೂರು ವರ್ಷದ ಕೆಲಸ ಹೋದದ್ದು ನನ್ನದು. ಅಷ್ಟು ದೊಡ್ಡ ನಾಶಿಕದಲ್ಲಿ ನನ್ನ ಸಾಲನ್ನು ಸರಿಯಾಗಿ ಓದಿದ್ದು ಒಬ್ಬರೇ, ಅವರೇ ಅದನ್ನು ತಪ್ಪಾಗಿ ತೂಗುಹಾಕಿದ್ದರು.

“ಗೊತ್ತಿದ್ದೂ ಹಾಕಿದ್ರಿ? ವಿಮರ್ಶಾ ಬರಿಯೋ ಕೆಲಸ ಹೋಯ್ತು ನಂದು.”

“ಮತ್ತೇನ್ ಮಾಡ್ಲಿರಿ.” ಡ್ರಾಯರ್ ಎಳೆದು ಒಂದು ಕಟ್ಟು ತೆಗೆದರು. ಮುಂಬಯಿಯ ಇಂಗ್ಲಿಷ್, ಮರಾಠಿ, ಹಿಂದಿ ಪತ್ರಿಕೆಗಳ ತುಂಡುಗಳು, ಎಲ್ಲ ಆ ಚಿತ್ರದ್ದೇ. ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, ಮತ್ತೆ ಅಳಿಸಿದ್ದರು. “ಎಂಟು ದಿನಾ ಹುಡುಕ್ದೆ. ಇಂಗ್ಲಿಷ್ದು ಮಗಳ ಕಡಿಂದ ಓದಿಸ್ದೆ. ಬೋರ್ಡಿಗೆ ಹಾಕ್ಲಿಕ್ಕ ಬರೋ ಅಂಥಾದ್ದು ಒಂದ್ ಮಾತು ಇಲ್ರಿ ಇದರಾಗ. ಒಂದೂ ಇಲ್ಲ. ನಿಮ್ಮದೊಂದೇ ಸಿಕ್ತು. ಹೋಗಿ ಹೇಳ್ರಿ ನಿಮ್ಮ ಸಾಹೇಬ್ರಿಗೆ, ಟಾಕೀಜಿನ ಮ್ಯಾನೇಜರಗ ಗೊತ್ತಿತ್ತಂತ ಅಂತ. ನಿಮ್ಮ ಕೆಲಸ ನಿಮಗ ಸಿಗ್ತದ. ನನಗೇನು, ಸೇಠಜೀ ಇವತ್ತು ಮುಂಜಾನೆ ಹೇಳ್ಯಾರ.”

ಏನು ಹೇಳಿದ್ದಾರೆಂದು ನಾನು ಕೇಳಲಿಲ್ಲ. ಸಂಪಾದಕರ ಬಳಿ ಹೋಗಿ ಹೇಳಬಹುದಿತ್ತು. ಹೇಳಿದರೆ ಆ ಶಬ್ದ ಬರೆದವಳು ನಾನಲ್ಲ ಎಂದಾಗುತ್ತಿತ್ತೇ? ಕತ್ತರಿಸಿದ ಪುಟಕ್ಕೆ ತಲೆ ಎತ್ತದೆ ಹೂಂ ಅಂದವಳು ನಾನಲ್ಲ ಎಂದಾಗುತ್ತಿತ್ತೇ? ಸಿಟ್ಟು ಇತ್ತು, ಹೋಗಿರಲಿಲ್ಲ. ಆದರೆ ಆ ಕಟ್ಟನ್ನು ನೋಡಿದ ಮೇಲೆ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ಅವರು ಒಂದು ಬಿಳಿ ಹಾಳೆ ಮುಂದಿಟ್ಟರು. “ಒಂದ್ ಕೆಲಸಾ ಮಾಡಿಕೊಡ್ರಿ. ನಾಳಿಂದ ಗೇಟಿಗೆ ಒಂದ್ ಬೋರ್ಡ್ ಹಾಕ್ಬೇಕು. ಬಂದ್ ಅದ ಅಂತ. ಮರಾಠಿಯೊಳಗ ಸರಿಯಾಗಿ ಬರೀಬೇಕು.”

“ನನ್ನ ಕಡಿಂದ? ಬುಧವಾರದ ಪೇಪರ್ ಓದೀರಲ್ಲ?”

“ಓದೀನಿ. ನೀವೇ ಬರೀರಿ.”

ಬರೆದೆ. ಟಾಕೀಜಿನ ಹೆಸರು, ಕೆಳಗೆ ‘ಬಂದ್ ಆಹೆ’, ಮುಚ್ಚಿದೆ. ಎರಡೇ ಶಬ್ದ, ಯಾವ ಭಾಷೆಯವರೂ ತಪ್ಪು ತಿಳಿಯುವ ಹಾಗಿರಲಿಲ್ಲ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಅವರು ಅದನ್ನು ನೋಡಿದರು, ನೋಡುತ್ತಲೇ ಕೂತರು. ಇಪ್ಪತ್ತೆಂಟು ವರ್ಷ. ನಾನು ಹಾಳೆ ಮತ್ತೆ ನನ್ನ ಕಡೆ ಎಳೆದುಕೊಂಡು ‘ಬಂದ್’ ಎಂಬುದರ ಹಿಂದೆ ಸಣ್ಣ ಜಾಗದಲ್ಲಿ ಇನ್ನೊಂದು ಶಬ್ದ ಸೇರಿಸಿದೆ: ‘ತಾತ್ಪುರತೆ’. ಸದ್ಯದ ಮಟ್ಟಿಗೆ ಮುಚ್ಚಿದೆ, ಮತ್ತೆ ತೆರೆಯುತ್ತದೆ ಎಂದು ಅರ್ಥ. ಅದು ಸುಳ್ಳು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಅವರು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದರು.

“ಈ ಶಬ್ದ ನಮ್ಮ ಕನ್ನಡದಾಗ ಇಲ್ಲಲ್ರಿ?”

“ಇಲ್ಲರಿ ಅಣ್ಣಾರ.”

“ಹಂಗಾರ ತಪ್ಪಾಗಂಗಿಲ್ಲ” ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಪೇಂಟರನನ್ನು ಕರೆಯಲು ಹೊರಗೆ ಹೋದರು.